ಯಂತ್ರ ಬದಲಾಯಿತು, ಲೆಕ್ಕ ಜೊತೆಗೆ ಬಂತೇ?



ಮುಂಬೈನ ಉಡುಪಿ ಹೋಟೆಲಿನ ಗಲ್ಲಾ, ಪುಣೆಯ ಟ್ರಾನ್ಸ್‌ಪೋರ್ಟ್ ಕಚೇರಿ, ಚೆನ್ನೈನ ಮುದ್ರಣಾಲಯ, ಹೈದರಾಬಾದಿನ ಔಷಧಿ ಅಂಗಡಿ, ದೆಹಲಿಯ ಆಡಿಟರ್ ಆಫೀಸು. ನಮ್ಮವರು ನಡೆಸುವ, ಇಲ್ಲವೇ ನಮ್ಮವರು ದುಡಿಯುವ ಇಂಥ ಸಣ್ಣ ಕಚೇರಿಗಳಲ್ಲಿ ಕಳೆದ ನಲವತ್ತು ವರ್ಷಗಳಲ್ಲಿ ಒಂದೇ ಪ್ರಶ್ನೆ ಮೂರು ನಾಲ್ಕು ಸಲವಾದರೂ ಎದ್ದಿದೆ. ಈಗಿರುವ ವ್ಯವಸ್ಥೆ ಬಿಟ್ಟು ಹೊಸದಕ್ಕೆ ಹೋಗೋಣವೇ, ಬೇಡವೇ? ಮೊದಲು ಖಾತೆ ಪುಸ್ತಕದಿಂದ ಡಾಸ್‌ಗೆ. ಆಮೇಲೆ ಡಾಸ್‌ನಿಂದ ವಿಂಡೋಸ್‌ಗೆ. ಕೆಲವರು ಅಲ್ಲಿಂದ ಲಿನಕ್ಸ್‌ಗೆ, ಹಲವರು ಇಂಟರ್‌ನೆಟ್ಟಿಗೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಲ್ಲಿಂದ ಅದೇ ಹಳೆಯ ಪ್ರಶ್ನೆ ಮತ್ತೆ ಮೇಜಿನ ಮೇಲೆ ಬಂದು ಕೂತಿದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾತಾಡುವುದು ಯಂತ್ರದ ಬೆಲೆ, ವೇಗ, ಗ್ಯಾರಂಟಿ ಇವುಗಳ ಬಗ್ಗೆ. ಹಿಂದಿನ ಸಲಗಳಲ್ಲಿ ಏನಾಯಿತು ಎಂದು ಸ್ವಲ್ಪ ತಿರುಗಿ ನೋಡಿದರೆ, ಸಣ್ಣ ಕಚೇರಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ ಎಂದು ಗೊತ್ತಾಗುತ್ತದೆ. ಯಂತ್ರ ಹೊಸದು ಬಂತು, ಹಳೆಯ ಲೆಕ್ಕ ಅದರೊಳಗೆ ಬರಲಿಲ್ಲ. ಕನ್ನಡದಲ್ಲಿ ಬರೆದಿಟ್ಟಿದ್ದರಂತೂ ಅಕ್ಷರವೇ ಬರಲಿಲ್ಲ. ಈ ಬಾರಿಯ ಸಂಚಿಕೆಯಲ್ಲಿ ಆ ಕಥೆಯನ್ನು ಹೇಳೋಣ.

ಕಿರ್ದಿ, ಖತಾವಣಿಯ ಕಾಲ

ಕಂಪ್ಯೂಟರಿಗೆ ಮೊದಲು ವ್ಯಾಪಾರದ ಲೆಕ್ಕವಿದ್ದದ್ದು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕಗಳಲ್ಲಿ. ದಿನದ ವ್ಯವಹಾರಕ್ಕೆ ಕಿರ್ದಿ, ಹೆಸರುವಾರು ಲೆಕ್ಕಕ್ಕೆ ಖತಾವಣಿ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮ ಇಟ್ಟು ಮೊದಲ ಪುಟ ಬರೆದರೆ, ಹಳೆಯ ಪುಸ್ತಕ ಅಟ್ಟಕ್ಕೆ ಏರುತ್ತಿತ್ತು. ಗೆದ್ದಲು ಹಿಡಿಯಬಹುದು, ಮಳೆ ನೀರು ಸೋರಬಹುದು. ಆದರೂ ಆ ಪುಸ್ತಕಕ್ಕೆ ಒಂದು ಗುಣವಿತ್ತು. ಇಪ್ಪತ್ತು ವರ್ಷ ಕಳೆದ ಮೇಲೂ ಅಟ್ಟದಿಂದ ಇಳಿಸಿ ಧೂಳು ಕೊಡವಿದರೆ, ಓದು ಬಲ್ಲ ಯಾರು ಬೇಕಾದರೂ ಓದಬಹುದಿತ್ತು. ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ.

ಆ ದಿನಗಳಲ್ಲಿ ಕಂಪ್ಯೂಟರ್ ಎಂದರೆ ದೊಡ್ಡ ಸಂಸ್ಥೆಗಳ ಹವಾನಿಯಂತ್ರಿತ ಕೋಣೆಯಲ್ಲಿರುವ ವಸ್ತು. ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಪ್ರಕಾರ ತನ್ನ ಒಡೆತನದ ಪಾಲನ್ನು ಇಳಿಸಲು ಒಪ್ಪದೆ ಐಬಿಎಂ 1978ರಲ್ಲಿ ಭಾರತವನ್ನೇ ಬಿಟ್ಟು ಹೋಗಿತ್ತು. ಆದರೆ ಅಮೆರಿಕದಲ್ಲಿ ಅಷ್ಟರಲ್ಲಿ ಸಣ್ಣ ಕಚೇರಿಯ ಮೇಜಿಗೆ ಹೊಂದುವ ಯಂತ್ರಗಳು ಬರತೊಡಗಿದ್ದವು. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ಆ್ಯಪಲ್ 2 ಯಂತ್ರಕ್ಕಾಗಿ ವಿಸಿಕ್ಯಾಲ್ಕ್ ಎಂಬ ತಂತ್ರಾಂಶ ಹೊರತಂದರು. ಸಾಲು ಮತ್ತು ಕಂಬಗಳ ಹಾಳೆ, ಒಂದು ಅಂಕಿ ಬದಲಿಸಿದರೆ ಕೆಳಗಿನ ಮೊತ್ತ ತಾನೇ ಬದಲಾಗುವ ಲೆಕ್ಕ. ಆ ಒಂದು ತಂತ್ರಾಂಶಕ್ಕಾಗಿಯೇ ಎಷ್ಟೋ ವ್ಯಾಪಾರಿಗಳು ಯಂತ್ರ ಕೊಂಡರು.

ಎರಡೇ ವರ್ಷಕ್ಕೆ, 1981ರ ಆಗಸ್ಟ್ 12ರಂದು, ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿತು. 1983ರಲ್ಲಿ ಅದಕ್ಕೆಂದೇ ಬರೆದ ಲೋಟಸ್ 1-2-3 ಬಂತು. ಆ್ಯಪಲ್ ಕೊಂಡಿದ್ದ ಕಚೇರಿಗಳು ಐಬಿಎಂ ಕಡೆ ಹೊರಳಿದವು. ಸಣ್ಣ ಕಚೇರಿಗಳ ಮೊದಲ ದೊಡ್ಡ ವಲಸೆ ಇದೇ ಎನ್ನಬಹುದು. ಒಂದು ತಂತ್ರಾಂಶದ ಹಾಳೆಯನ್ನು ಇನ್ನೊಂದಕ್ಕೆ ಒಯ್ಯಲು ದಾರಿ ಬೇಕು ಎಂದು ವಿಸಿಕ್ಯಾಲ್ಕ್ ಮಾಡಿದವರಿಗೆ ಆಗಲೇ ಹೊಳೆದಿತ್ತು. ಯಾವ ತಂತ್ರಾಂಶವೂ ಓದಬಲ್ಲ ಸರಳ ಅಕ್ಷರಗಳ ಒಂದು ಕಡತ ವಿಧಾನವನ್ನು ಅವರೇ ರೂಪಿಸಿ, ಡಿಐಎಫ್ ಎಂದು ಹೆಸರಿಟ್ಟಿದ್ದರು. ಲೆಕ್ಕ ಯಂತ್ರಕ್ಕಿಂತ ಹೆಚ್ಚು ಕಾಲ ಬಾಳಬೇಕು ಎಂಬ ಅರಿವು ಆರಂಭದಲ್ಲೇ ಇತ್ತು ಎನ್ನುವುದಕ್ಕೆ ಇದು ಸಾಕ್ಷಿ. ಪಾಲಿಸಿದವರು ಕಡಿಮೆ, ಅಷ್ಟೇ.

ಕಪ್ಪು ಪರದೆಯ ಡಾಸ್ ದಿನಗಳು

ನಮ್ಮಲ್ಲಿ ಬಾಗಿಲು ತೆರೆದದ್ದು 1984ರ ನವೆಂಬರಿನಲ್ಲಿ. ರಾಜೀವ್ ಗಾಂಧಿ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟುಪಾಡುಗಳನ್ನು ಸಡಿಲಿಸಿತು. ಐಬಿಎಂ ಪಿಸಿಯ ರಚನೆ ಬಹಿರಂಗವಾಗಿದ್ದರಿಂದ ಅದರ ತದ್ರೂಪುಗಳನ್ನು ಯಾರು ಬೇಕಾದರೂ ಜೋಡಿಸಬಹುದಿತ್ತು. ಮುಂದಿನ ವರ್ಷಗಳಲ್ಲಿ ದೆಹಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚ್ಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್ ಇವೆಲ್ಲ ಬಿಡಿಭಾಗ ಜೋಡಿಸಿಕೊಡುವ ಪೇಟೆಗಳಾಗಿ ಬೆಳೆದವು. ಬ್ರಾಂಡಿನ ಯಂತ್ರದ ಬೆಲೆ ಕೇಳಿ ಹಿಂದೆ ಸರಿದ ಸಣ್ಣ ವ್ಯಾಪಾರಿಗೆ ಕಂಪ್ಯೂಟರ್ ಕೈಗೆಟುಕಿದ್ದು ಇಂಥ ಗಲ್ಲಿಗಳಿಂದಲೇ.

ಆ ಯಂತ್ರಗಳಲ್ಲಿ ಮೂರು ಕೆಲಸ ಮುಖ್ಯವಾಗಿ ನಡೆಯುತ್ತಿದ್ದವು. ಪತ್ರ ಬರೆಯಲು ವರ್ಡ್‌ಸ್ಟಾರ್, ಅಂಕಿಗಳಿಗೆ ಲೋಟಸ್, ಗಿರಾಕಿಗಳ ಪಟ್ಟಿಗೆ ಡಿಬೇಸ್. ಕಡತದ ಹೆಸರು ಎಂಟೇ ಅಕ್ಷರ, ಅದರ ಮುಂದೆ ಚುಕ್ಕಿ, ಮತ್ತೆ ಮೂರಕ್ಷರ. ಇಷ್ಟರೊಳಗೆ ಒಂದು ವರ್ಷದ ವ್ಯವಹಾರದ ಗುರುತನ್ನು ತುರುಕಬೇಕು. ಹೆಸರಿಟ್ಟ ಗುಮಾಸ್ತ ಕೆಲಸ ಬಿಟ್ಟು ಹೋದರೆ ಯಾವ ಕಡತ ಯಾವುದೆಂದು ದೇವರೇ ಬಲ್ಲ!

ನಾಲ್ಕನೆಯ ಕೆಲಸಕ್ಕೆ ಉತ್ತರ ಬೆಂಗಳೂರಿನಿಂದಲೇ ಬಂತು. ಶ್ಯಾಮಸುಂದರ ಗೋಯಂಕಾ ಅವರು ಕಾರ್ಖಾನೆಗಳಿಗೂ ಜವಳಿ ಗಿರಣಿಗಳಿಗೂ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುವ ವ್ಯಾಪಾರ ನಡೆಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯಂಕಾ ಅವರಿಗೆ ನೀನೇ ಒಂದು ಬರೆ ಎಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಆ ಸಂಸ್ಥೆಯ ತಂತ್ರಾಂಶವೇ ಮುಂದೆ ಮನೆಮಾತಾದ ಟ್ಯಾಲಿ. ಮೊದಲ ಆವೃತ್ತಿ ಡಾಸ್‌ನಲ್ಲೇ ಓಡುತ್ತಿತ್ತು. ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ನೆನಪಿಟ್ಟುಕೊಳ್ಳುವ ಬದಲು, ಖತಾವಣಿಯಲ್ಲಿ ಬರೆಯುತ್ತಿದ್ದಂತೆ ಹೆಸರನ್ನೇ ಬರೆಯುವ ಅನುಕೂಲ ಅದರಲ್ಲಿತ್ತು. ಕಿರ್ದಿ ಬರೆದು ರೂಢಿಯಿದ್ದ ಹಿರಿಯ ಗುಮಾಸ್ತರಿಗೆ ಅದು ಪರಕೀಯ ಅನ್ನಿಸಲಿಲ್ಲ. ಕಾಗದದಿಂದ ಕಂಪ್ಯೂಟರಿಗೆ ದಾಟುವಾಗ ಜನರ ಅಭ್ಯಾಸವೂ ಜೊತೆಗೆ ದಾಟಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ಅಟ್ಟದ ಪುಸ್ತಕಕ್ಕಿದ್ದ ಗುಣ ಇಲ್ಲಿ ಸದ್ದಿಲ್ಲದೆ ಕಳೆದುಹೋಗಿತ್ತು. ವರ್ಡ್‌ಸ್ಟಾರಿನ ಒಂದು ವಿಚಿತ್ರ ನೋಡಿ. ಹಳೆಯ ಆವೃತ್ತಿಗಳಲ್ಲಿ ಅದು ತನ್ನ ಅನುಕೂಲಕ್ಕಾಗಿ ಪ್ರತಿ ಪದದ ಕೊನೆಯ ಅಕ್ಷರಕ್ಕೆ ಒಂದು ಗುಪ್ತ ಗುರುತು ಹಾಕುತ್ತಿತ್ತು. ವರ್ಡ್‌ಸ್ಟಾರಿನಲ್ಲಿ ತೆರೆದರೆ ಪತ್ರ ಚೊಕ್ಕವಾಗಿ ಕಾಣುತ್ತಿತ್ತು. ಬೇರೆ ತಂತ್ರಾಂಶದಲ್ಲಿ ತೆರೆದರೆ ಪದ ಪದದ ಬಾಲದಲ್ಲೂ ಒಂದು ಅಡ್ಡಾದಿಡ್ಡಿ ಚಿಹ್ನೆ. ಇತ್ತ ಡಿಬೇಸ್‌ನ ಡಿಬಿಎಫ್ ಕಡತ ಸರಳವಾಗಿತ್ತು. ಅದರ ರಚನೆ ಎಲ್ಲರಿಗೂ ತಿಳಿದಿತ್ತು, ಹತ್ತಾರು ಕಂಪನಿಗಳು ಅದನ್ನು ಓದುವ ತಂತ್ರಾಂಶ ಬರೆದವು. ಪರಿಣಾಮವಾಗಿ ಆ ಕಾಲದ ಡಿಬಿಎಫ್ ಕಡತವೊಂದು ಇಂದು ಸಿಕ್ಕರೂ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್‌ನಲ್ಲಿ ತೆರೆದುಕೊಳ್ಳುತ್ತದೆ. ಒಂದೇ ಕಾಲದ, ಒಂದೇ ಮೇಜಿನ ಎರಡು ಕಡತಗಳಿಗೆ ಎರಡು ಬೇರೆ ಹಣೆಬರಹ.

ಕಿಟಕಿ ತೆರೆದ ಮೇಲೆ

1990ರಲ್ಲಿ ವಿಂಡೋಸ್ 3.0, 1995ರ ಆಗಸ್ಟ್ 24ರಂದು ವಿಂಡೋಸ್ 95. ಇಲಿ ಹಿಡಿದು ಕ್ಲಿಕ್ ಮಾಡುವ ಕಾಲ ಬಂತು. ಉದ್ದನೆಯ ಕಡತ ಹೆಸರು, ಬಣ್ಣದ ಪರದೆ, ಒಂದೇ ಹೊತ್ತಿಗೆ ಎರಡು ಮೂರು ಕೆಲಸ. ಡಾಸ್‌ನಲ್ಲಿ ಪ್ರತಿ ತಂತ್ರಾಂಶವೂ ಪ್ರಿಂಟರಿನ ಭಾಷೆಯನ್ನು ತಾನೇ ಕಲಿತಿರಬೇಕಿತ್ತು. ವಿಂಡೋಸ್‌ನಲ್ಲಿ ಒಮ್ಮೆ ಕಲಿಸಿದರೆ ಎಲ್ಲಕ್ಕೂ ಸಾಕು. ಹೀಗಾಗಿ ಬದಲಾವಣೆಗೆ ಕಾರಣಗಳು ಗಟ್ಟಿಯಾಗಿಯೇ ಇದ್ದವು. ಅದರ ಮೇಲೆ 2000ನೇ ಇಸವಿಯ ಭಯ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಹಳೆಯ ತಂತ್ರಾಂಶಗಳು 99ರ ನಂತರ 00 ಬಂದಾಗ ಬಡ್ಡಿ, ಬಾಕಿ ಎಲ್ಲವನ್ನೂ ತಲೆಕೆಳಗು ಮಾಡಿಯಾವು ಎಂದು ಬಹಳ ಕಚೇರಿಗಳು 1998-99ರಲ್ಲಿ ಯಂತ್ರವನ್ನೇ ಬದಲಿಸಿದವು.

ಮೊದಮೊದಲು ಯಾರಿಗೂ ತೊಂದರೆ ಕಾಣಲಿಲ್ಲ. ಯಾಕೆಂದರೆ ವಿಂಡೋಸ್ 95ರ ಒಳಗೆ ಒಂದು ಕಪ್ಪು ಕಿಟಕಿ ತೆರೆದು ಹಳೆಯ ಡಾಸ್ ತಂತ್ರಾಂಶವನ್ನು ಓಡಿಸಬಹುದಿತ್ತು. ಬಿಲ್ಲಿಂಗ್ ಪ್ರೋಗ್ರಾಮು ಬರೆದುಕೊಟ್ಟ ಹುಡುಗ ಊರು ಬಿಟ್ಟಿದ್ದರೂ ಪ್ರೋಗ್ರಾಮು ಓಡುತ್ತಲೇ ಇತ್ತು. ನಡೆಯುತ್ತಿರುವ ಗಾಡಿಯನ್ನು ಯಾಕೆ ನಿಲ್ಲಿಸಬೇಕು ಎಂದು ಮಾಲೀಕರೂ ಸುಮ್ಮನಿದ್ದರು. ಪೆಟ್ಟು ಬಿದ್ದದ್ದು ತಡವಾಗಿ, ಅದೂ ಮೂರು ಕಡೆಯಿಂದ. ಅಗ್ಗದ ಹೊಸ ಪ್ರಿಂಟರುಗಳಲ್ಲಿ ಹಲವು ವಿಂಡೋಸ್ ಇಲ್ಲದೆ ಅಚ್ಚು ಹಾಕುತ್ತಿರಲಿಲ್ಲ, ಡಾಸ್ ಪ್ರೋಗ್ರಾಮಿನ ಬಿಲ್ಲು ಅವುಗಳಿಂದ ಹೊರಬರಲಿಲ್ಲ. ಫ್ಲಾಪಿ ಡ್ರೈವ್ ಇಲ್ಲದ ಯಂತ್ರಗಳು ಬಂದಾಗ, ಡಬ್ಬಿಯಲ್ಲಿ ಜೋಡಿಸಿಟ್ಟ ಫ್ಲಾಪಿಗಳನ್ನು ಹಾಕುವುದಕ್ಕೇ ಜಾಗವಿರಲಿಲ್ಲ. ಕೊನೆಗೆ 64 ಬಿಟ್ ವಿಂಡೋಸ್ ಬಂದಾಗ ಆ ಕಪ್ಪು ಕಿಟಕಿಯೊಳಗೆ ಡಾಸ್ ತಂತ್ರಾಂಶ ಓಡುವುದೇ ನಿಂತಿತು.

ಟ್ಯಾಲಿಯಂಥ ತಂತ್ರಾಂಶ ಬಳಸುತ್ತಿದ್ದವರು ಆವೃತ್ತಿಯಿಂದ ಆವೃತ್ತಿಗೆ ಲೆಕ್ಕವನ್ನು ಹೊತ್ತುಕೊಂಡು ದಾಟಿದರು. 2005ರ ಏಪ್ರಿಲ್ 1ರಂದು ಕರ್ನಾಟಕ, ಮಹಾರಾಷ್ಟ್ರ, ದೆಹಲಿ ಮೊದಲಾದ ಕಡೆ ವ್ಯಾಟ್ ಬಂದಾಗ, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ತಯಾರಕರು ಹೊಸ ಆವೃತ್ತಿ ಕೊಟ್ಟರು. ಬಳಕೆದಾರರು ಹಣ ತೆತ್ತರು, ಕೆಲಸ ಮುಂದೆ ಹೋಯಿತು. ಒಬ್ಬನೇ ಬರೆದ, ಒಂದೇ ಕಚೇರಿಯ ಪ್ರೋಗ್ರಾಮು ನೆಚ್ಚಿಕೊಂಡವರಿಗೆ ಈ ಅನುಕೂಲ ಇರಲಿಲ್ಲ. ಹಳೆಯ ಬಾಕಿ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿ, ಹೊಸ ಯಂತ್ರಕ್ಕೆ ಒಂದೊಂದಾಗಿ ಬೆರಳಚ್ಚು ಮಾಡುವುದೇ ಉಳಿದ ದಾರಿ. ಅಚ್ಚು ಹಾಕದೇ ಉಳಿದದ್ದು ಹೋಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುವ ಗಾದೆ ಇದೆಯಲ್ಲ. ಬಾಕಿಯ ಪುರಾವೆ ತೆರೆದುಕೊಳ್ಳದ ಕಡತದಲ್ಲಿ ಸಿಕ್ಕಿಕೊಂಡರೆ ಸಾಲ ಕೊಟ್ಟ ವ್ಯಾಪಾರಿಯ ಪಾಡು ಅಕ್ಷರಶಃ ಅದೇ.

ಕನ್ನಡಕ್ಕೆ ಇನ್ನೊಂದು ಪೆಟ್ಟು

ಇಂಗ್ಲಿಷಿನಲ್ಲಿ ಲೆಕ್ಕ ಬರೆದವರಿಗೆ ಕಡತದ ತೊಂದರೆ ಮಾತ್ರ. ಕನ್ನಡದಲ್ಲಿ ಕೆಲಸ ಮಾಡಿದವರಿಗೆ, ಅಂದರೆ ಮುದ್ರಣಾಲಯ, ಪತ್ರಿಕೆ, ಸಹಕಾರಿ ಸಂಘ, ಹೊರನಾಡಿನ ಕನ್ನಡ ಸಂಘಗಳ ಕಚೇರಿಗೆ, ಅಕ್ಷರದ ತೊಂದರೆಯೂ ಇತ್ತು.

ಕಂಪ್ಯೂಟರು ಅಕ್ಷರವನ್ನು ಸಂಖ್ಯೆಯಾಗಿ ಬರೆದಿಡುತ್ತದೆ. ಆಗ ಒಂದು ಅಕ್ಷರಕ್ಕೆ ಸಿಗುತ್ತಿದ್ದದ್ದು ಒಟ್ಟು 256 ಸಂಖ್ಯೆಗಳ ಒಂದು ಕಪಾಟು. ಅದರಲ್ಲಿ ಅರ್ಧ ಇಂಗ್ಲಿಷಿಗೆ ಮೀಸಲು. ಭಾರತದ ಭಾಷೆಗಳಿಗೆ ಈ ಕಪಾಟಿನಲ್ಲಿ ಕ್ರಮವಾಗಿ ಜಾಗ ಕೊಡುವ ಕೆಲಸ ಕಾನ್ಪುರದ ಐಐಟಿಯಲ್ಲಿ ಶುರುವಾಗಿ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಜಿಸ್ಟ್ ಎಂಬ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ ಡಾಸ್ ತಂತ್ರಾಂಶಗಳಲ್ಲೂ ಕನ್ನಡ, ಮರಾಠಿ, ತಮಿಳು ಮೂಡುತ್ತಿದ್ದವು. ಅದರ ಹಿಂದಿನ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಎಲ್ಲ ಭಾರತೀಯ ಲಿಪಿಗಳ ಕಕಾರಕ್ಕೂ ಅದರಲ್ಲಿ ಒಂದೇ ಸಂಖ್ಯೆ.

ಆದರೆ ವಿಂಡೋಸ್ ಬಂದ ಮೇಲೆ ಪೇಟೆ ಬೇರೆ ದಾರಿ ಹಿಡಿಯಿತು. ಪೇಜ್‌ಮೇಕರ್‌ನಂಥ ಪುಟ ವಿನ್ಯಾಸದ ತಂತ್ರಾಂಶಕ್ಕೆ ಇಂಗ್ಲಿಷ್ ಮಾತ್ರ ಗೊತ್ತು. ಅದನ್ನು ನಂಬಿಸಲು ಫಾಂಟ್ ತಯಾರಕರು ಒಂದು ಉಪಾಯ ಮಾಡಿದರು. ಕಪಾಟಿನಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿದ್ದ ಜಾಗದಲ್ಲಿ ಕನ್ನಡದ ಕೊಂಬು, ದೀರ್ಘ, ಒತ್ತಕ್ಷರಗಳ ಚಿತ್ರಗಳನ್ನು ಕೂರಿಸಿದರು. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಹೀಗೆ ಬೆಳೆದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಆಮೇಲೆ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸರ್ಕಾರದ ಮಾನ್ಯತೆ ಪಡೆಯಿತು. ಇವರೆಲ್ಲರ ಉಪಕಾರ ದೊಡ್ಡದು. ಕನ್ನಡ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆ ಇವೆಲ್ಲ ಕಂಪ್ಯೂಟರಿನಿಂದ ಹೊರಬಂದದ್ದು ಇವರಿಂದ.

ಆ ಉಪಾಯದೊಳಗೇ ಒಂದು ಸಾಲ ಅಡಗಿತ್ತು. ಒಬ್ಬ ತಯಾರಕರು ಒಂದು ಚಿತ್ರವನ್ನು ಕೂರಿಸಿದ ಜಾಗದಲ್ಲಿ ಇನ್ನೊಬ್ಬರು ಬೇರೆಯದನ್ನು ಕೂರಿಸಿದ್ದರು. ಕಡತದಲ್ಲಿ ಇರುತ್ತಿದ್ದದ್ದು ಬರೀ ಜಾಗದ ಸಂಖ್ಯೆ. ಅದೇ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆಬುಡವಿಲ್ಲದ ಚಿಹ್ನೆಗಳ ಸಂತೆ. ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ಚಿತ್ರಗಳ ಸಂಖ್ಯೆಯ ಪ್ರಕಾರ ಜೋಡಿಸುತ್ತಿತ್ತು. ಯಂತ್ರಕ್ಕೆ ಅದು ಕನ್ನಡವೆಂದೇ ಗೊತ್ತಿರಲಿಲ್ಲ. ಹೀಗಾಗಿ ಕಚೇರಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋದಾಗ ಇಂಗ್ಲಿಷ್ ಪತ್ರಗಳು ಹೇಗೋ ದಾಟಿದವು, ಕನ್ನಡ ಪತ್ರಗಳು ದಡದಲ್ಲೇ ಉಳಿದವು.

ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ತನ್ನದೇ ಓಣಿ ಸಿಕ್ಕಿತ್ತು. 3200ರಿಂದ 3327ರವರೆಗಿನ 128 ಮನೆಗಳು. ಅದರಲ್ಲಿ ಕ ಅಕ್ಷರದ ಮನೆ ಸಂಖ್ಯೆ 3221. ಮುಂಬೈಯಲ್ಲಾಗಲಿ ಮೈಸೂರಲ್ಲಾಗಲಿ, ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಅದು ಬದಲಾಗುವುದಿಲ್ಲ. ಆದರೆ ಮಾನಕ ಕಾಗದದ ಮೇಲಿದ್ದರೆ ಸಾಲದು. ಜನಸಾಮಾನ್ಯರ ಯಂತ್ರಕ್ಕೆ ಅದು ಬಂದದ್ದು 2001ರ ಅಕ್ಟೋಬರಿನಲ್ಲಿ, ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನ ಜೊತೆ ಬಂದಾಗ. ಅಲ್ಲೂ ಭಾಷೆಯ ಸೆಟ್ಟಿಂಗಿಗೆ ಹೋಗಿ ಒಂದು ಚೌಕದಲ್ಲಿ ಗುರುತು ಹಾಕಿದರೆ ಮಾತ್ರ ಒತ್ತಕ್ಷರ ಸರಿಯಾಗಿ ಕೂರುತ್ತಿತ್ತು. ಪೇಜ್‌ಮೇಕರಿಗಂತೂ ಯೂನಿಕೋಡ್ ಕೊನೆಯವರೆಗೂ ತಿಳಿಯಲಿಲ್ಲ. 2001ರ ಏಳನೇ ಆವೃತ್ತಿಯೇ ಅದರ ಕೊನೆಯದು. ಆದ್ದರಿಂದ ಮುದ್ರಣಾಲಯಗಳು ಹಳೆಯ ಫಾಂಟನ್ನೇ ನಂಬಿಕೊಂಡು ಇನ್ನೂ ಬಹಳ ವರ್ಷ ಕಳೆದವು.

ಇದರಿಂದ ಕಳೆದುಕೊಂಡದ್ದು ಏನು? ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಊರು ಬಿಟ್ಟು ಬಂದ ಹಿರಿಯರು ಬರೆದ ನೆನಪುಗಳು, ಸ್ಥಾಪಕ ಸದಸ್ಯರ ವಿಳಾಸ ಪಟ್ಟಿ. ಅಚ್ಚಾದ ಪ್ರತಿ ಇದ್ದರೆ ಅದು ಉಳಿಯಿತು. ಇಲ್ಲದಿದ್ದರೆ ಸಿಡಿಯಲ್ಲಿ ಪೇಜ್‌ಮೇಕರ್ ಕಡತ ಇದೆ ಎಂಬ ಸಮಾಧಾನ ಮಾತ್ರ. ಪುಟ ವಿನ್ಯಾಸದ ಈಚಿನ ತಂತ್ರಾಂಶಗಳು ಅದನ್ನು ನೇರವಾಗಿ ತೆರೆಯುವುದಿಲ್ಲ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕಡತ ತೆರೆಯಲು ಸಾಧ್ಯವಿರುವಾಗಲೇ ತಿರುಗಿಸಿಟ್ಟುಕೊಂಡರೆ ಬದುಕಿತು.

ಗಿಟಾರ್ ತಂತಿಯ ಕಾರ್ಖಾನೆ

ವ್ಯವಸ್ಥೆ ಬದಲಿಸಲು ಇನ್ನೊಂದು ಕಾರಣ ಪರವಾನಗಿ. ನಮ್ಮಲ್ಲಿ ಜೋಡಿಸಿದ ಯಂತ್ರದ ಜೊತೆ ವಿಂಡೋಸ್, ಆಫೀಸ್ ಎಲ್ಲವನ್ನೂ ಪುಕ್ಕಟೆಯಾಗಿ ಹಾಕಿಕೊಡುವುದು ಒಂದು ಕಾಲದಲ್ಲಿ ಮಾಮೂಲಿಯಾಗಿತ್ತು. 1994ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಕಲಿ ತಂತ್ರಾಂಶವೆಂದು ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು.

ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋ ಪಟ್ಟಣದ ಎರ್ನಿ ಬಾಲ್ ಕಂಪನಿ. ಗಿಟಾರಿನ ತಂತಿ ಮಾಡುವ, ಮನೆತನದ ಒಡೆತನದ ಸಂಸ್ಥೆ. ಕಚೇರಿಯಲ್ಲಿ ಹೊಸ ಯಂತ್ರ ಬಂದಾಗ ಹಳೆಯದನ್ನು ಇನ್ನೊಂದು ವಿಭಾಗಕ್ಕೆ ದಾಟಿಸುವುದು ಅವರ ರೂಢಿ. ಹಾಗೆ ದಾಟಿಸುವಾಗ ಒಳಗಿನ ತಂತ್ರಾಂಶವನ್ನು ಅಳಿಸಿರಲಿಲ್ಲ. 2000ದಲ್ಲಿ ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ ಫೆಡರಲ್ ಮಾರ್ಷಲ್‌ಗಳ ಸಮೇತ ತಪಾಸಣೆಗೆ ಬಂತು. ಕೆಲವು ಯಂತ್ರಗಳಲ್ಲಿ ಪರವಾನಗಿ ಇಲ್ಲದ ಪ್ರತಿಗಳು ಸಿಕ್ಕವು. 65,000 ಡಾಲರ್ ಪರಿಹಾರ, ಜೊತೆಗೆ 35,000 ಡಾಲರ್ ವಕೀಲರ ಶುಲ್ಕ ಕೊಟ್ಟು ಪ್ರಕರಣ ಮುಗಿಸಬೇಕಾಯಿತು. ನಿಯಮ ತಪ್ಪಿದ್ದನ್ನು ಮುಖ್ಯಸ್ಥ ಸ್ಟರ್ಲಿಂಗ್ ಬಾಲ್ ಒಪ್ಪಿಕೊಂಡರು. ಆದರೆ ತಮ್ಮ ಕಂಪನಿಯ ಹೆಸರನ್ನು ಊರಿನ ಇತರ ವ್ಯಾಪಾರಿಗಳನ್ನು ಎಚ್ಚರಿಸಲು ಬಳಸಿದ್ದು ಅವರಿಗೆ ಸಹಿಸಲಿಲ್ಲ. ಆರು ತಿಂಗಳೊಳಗೆ ಮೈಕ್ರೋಸಾಫ್ಟ್ ತಂತ್ರಾಂಶವನ್ನೇ ಬಿಡಬೇಕು ಎಂದು ತಮ್ಮ ಸಿಬ್ಬಂದಿಗೆ ಹೇಳಿದರು. ಕಂಪನಿ ರೆಡ್ ಹ್ಯಾಟ್ ಲಿನಕ್ಸ್, ಓಪನ್‌ಆಫೀಸ್, ಮೊಜಿಲ್ಲಾಗಳಿಗೆ ದಾಟಿತು.

ಇದು ಸಾಧ್ಯವಾದದ್ದು ಕೋಪ ಒಂದರಿಂದಲೇ ಎಂದು ತಿಳಿಯಬೇಕಿಲ್ಲ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಅಷ್ಟರಲ್ಲಿ ಪಕ್ವವಾಗಿತ್ತು. 2000ದಲ್ಲಿ ಸನ್ ಸಂಸ್ಥೆ ಸ್ಟಾರ್‌ಆಫೀಸಿನ ಮೂಲವನ್ನು ಬಹಿರಂಗ ಮಾಡಿದ್ದರಿಂದ ಓಪನ್‌ಆಫೀಸ್ ಹುಟ್ಟಿತು. ಅದು ಮೈಕ್ರೋಸಾಫ್ಟಿನ ಕಡತಗಳನ್ನು ಬಹುಮಟ್ಟಿಗೆ ಓದಬಲ್ಲದಾಗಿತ್ತು. ಹಳೆಯ ಕಾಗದಪತ್ರ ಹೊಸ ಮನೆಯಲ್ಲೂ ತೆರೆದುಕೊಳ್ಳುತ್ತದೆ ಎಂದಾದರೆ ಮನೆ ಬದಲಿಸಲು ಧೈರ್ಯ ಬರುತ್ತದೆ. 2006ರಲ್ಲಿ ಓಪನ್‌ಡಾಕ್ಯುಮೆಂಟ್ ಎಂಬ ಮುಕ್ತ ಕಡತ ವಿಧಾನ ಅಂತರರಾಷ್ಟ್ರೀಯ ಮಾನಕವಾಯಿತು. 2010ರಲ್ಲಿ ಓಪನ್‌ಆಫೀಸಿನಿಂದ ಕವಲೊಡೆದ ಲಿಬ್ರೆಆಫೀಸ್ ಇಂದಿಗೂ ಅದೇ ದಾರಿಯಲ್ಲಿದೆ.

ನಮ್ಮ ಸಣ್ಣ ಕಚೇರಿಗಳು ಇದೇ ದಾರಿ ಹಿಡಿಯಲು ಹೋದಾಗ ಅಡ್ಡ ಬಂದದ್ದು ಲೆಕ್ಕದ ತಂತ್ರಾಂಶ. ಟ್ಯಾಲಿ ವಿಂಡೋಸ್‌ಗಾಗಿ ಬರೆದದ್ದು. ಪತ್ರವ್ಯವಹಾರ ಲಿನಕ್ಸ್‌ಗೆ ಹೋದರೂ ಗಲ್ಲಾದ ಒಂದು ಯಂತ್ರ ವಿಂಡೋಸ್‌ನಲ್ಲೇ ಉಳಿಯಬೇಕಾಯಿತು. ಅದರಲ್ಲಿ ಅವಮಾನವೇನೂ ಇಲ್ಲ. ಇಡೀ ಕಚೇರಿ ಒಂದೇ ದಿನ ದಾಟಬೇಕೆಂಬ ಶಾಸ್ತ್ರ ಎಲ್ಲೂ ಇಲ್ಲ.

ಈಗ ಮತ್ತೆ ಅದೇ ಪ್ರಶ್ನೆ

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಈಚಿನ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುತ್ತಿರುವ ಹಳೆಯ ಯಂತ್ರಗಳು ಅನೇಕ ಇದಕ್ಕೆ ಒಪ್ಪುವುದಿಲ್ಲ. ಹೊಸ ಯಂತ್ರ ಕೊಳ್ಳಬೇಕೇ, ಇರುವುದಕ್ಕೇ ಲಿನಕ್ಸ್ ಹಾಕಬೇಕೇ, ಎಲ್ಲವನ್ನೂ ಇಂಟರ್‌ನೆಟ್ಟಿನ ಸೇವೆಗೆ ಒಪ್ಪಿಸಬೇಕೇ? ಒಂದೊಂದು ಕಚೇರಿಯ ಉತ್ತರ ಒಂದೊಂದು. ಆದರೆ ನಲವತ್ತು ವರ್ಷಗಳ ಈ ಕಥೆ ಕೆಲವು ಮಾತುಗಳನ್ನು ಎಲ್ಲರಿಗೂ ಸಮಾನವಾಗಿ ಹೇಳುತ್ತದೆ.

ಮೊದಲನೆಯದು, ಹಳೆಯ ಲೆಕ್ಕ ಉಳಿಸಿಕೊಳ್ಳುವುದು ಬರೀ ಮಮತೆಯ ಮಾತಲ್ಲ, ಕಾನೂನಿನ ಮಾತೂ ಹೌದು. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು, 2013ರ ಕಂಪನಿ ಕಾಯ್ದೆಯಂತೆ ಎಂಟು ಹಣಕಾಸು ವರ್ಷಗಳ ಲೆಕ್ಕಪತ್ರ ಇಟ್ಟುಕೊಂಡಿರಬೇಕು. ಡಿಸ್ಕ್ ಇದೆ, ತೆರೆಯುವುದಿಲ್ಲ ಎಂದರೆ ಕೇಳುವವರಿಲ್ಲ.

ಎರಡನೆಯದು, ಯಂತ್ರಕ್ಕೆ ಮೊದಲು ಕಡತಗಳ ಪಟ್ಟಿ ಮಾಡಿ. ಯಾವುದು ಯಾವ ತಂತ್ರಾಂಶದ್ದು, ಹೊಸ ವ್ಯವಸ್ಥೆಯಲ್ಲಿ ತೆರೆಯುತ್ತದೆಯೇ ಎಂದು ಒಂದೊಂದನ್ನು ನೋಡಿ. ಪ್ರತಿ ವರ್ಷದ ಖಾತೆ, ತಾಳೆ ಪಟ್ಟಿ, ಬಾಕಿ ಪಟ್ಟಿಗಳ ಒಂದು ಪ್ರತಿಯನ್ನು ಪಿಡಿಎಫ್‌ನಲ್ಲೂ, ಇನ್ನೊಂದನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದಲ್ಲೂ, ಅಂದರೆ ಸಿಎಸ್‌ವಿ ರೂಪದಲ್ಲೂ ತೆಗೆದಿಡಿ. ಅಟ್ಟದ ಪುಸ್ತಕದ ಹಾಗೆ ಯಾರು ಬೇಕಾದರೂ ಓದಬಲ್ಲ ರೂಪ ಅದು. ಲೆಕ್ಕ ಇಂಟರ್‌ನೆಟ್ಟಿನ ಸೇವೆಯಲ್ಲಿದ್ದರೂ ಇದೇ ಮಾತು. ಸೇರುವ ಮೊದಲು, ಹೊರಗೆ ಬರುವಾಗ ನಮ್ಮ ಲೆಕ್ಕವನ್ನು ಯಾವ ರೂಪದಲ್ಲಿ ಕೊಡುತ್ತೀರಿ ಎಂದು ಕೇಳಿ.

ಮೂರನೆಯದು, ಪ್ರಿಂಟರ್, ಬಾರ್‌ಕೋಡ್ ಓದುವ ಸಾಧನ, ಡಿಜಿಟಲ್ ಸಹಿಯ ಟೋಕನ್ ಇವಕ್ಕೆ ಹೊಸ ವ್ಯವಸ್ಥೆಯಲ್ಲಿ ಚಾಲಕ ತಂತ್ರಾಂಶ ಸಿಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಡಾಸ್ ಕಾಲದಲ್ಲಿ ಬಿಲ್ಲು ನಿಂತದ್ದು ಇಂಥದ್ದರಿಂದಲೇ.

ನಾಲ್ಕನೆಯದು, ಹಳೆಯದು ಮತ್ತು ಹೊಸದು ಒಂದು ತಿಂಗಳಾದರೂ ಜೊತೆಜೊತೆಗೆ ನಡೆಯಲಿ. ಎರಡರ ತಾಳೆ ಪಟ್ಟಿಯೂ ಪೈಸೆಗೆ ಪೈಸೆ ಹೊಂದಿದ ಮೇಲೆ ಹಳೆಯದನ್ನು ನಿಲ್ಲಿಸಿ. ಏಪ್ರಿಲ್ 1 ಇದಕ್ಕೆ ಒಳ್ಳೆಯ ಮುಹೂರ್ತ. ಕೆಲಸ ಮಾಡುವ ಗುಮಾಸ್ತರನ್ನೂ ಕೇಳಿ, ಅವರಿಗೆ ಕಲಿಯಲು ಸಮಯ ಕೊಡಿ.

ಕೊನೆಯದು ನಮ್ಮ ಸಂಘ ಸಂಸ್ಥೆಗಳಿಗೆ. ಕಪಾಟಿನಲ್ಲಿ ಹಳೆಯ ಸಿಡಿ, ಫ್ಲಾಪಿ, ಡಿಟಿಪಿ ಕಡತಗಳಿದ್ದರೆ ಈ ವರ್ಷವೇ ಹೊರತೆಗೆಯಿರಿ. ಅದನ್ನು ತೆರೆಯಬಲ್ಲ ಹಳೆಯ ಯಂತ್ರ ಯಾರದಾದರೂ ಮನೆಯಲ್ಲಿ ಇನ್ನೂ ಇರಬಹುದು, ಆ ಫಾಂಟ್ ಬಲ್ಲ ಡಿಟಿಪಿ ಕೆಲಸಗಾರರು ಇನ್ನೂ ನಿಮ್ಮ ಊರಲ್ಲೇ ಇರಬಹುದು. ಯೂನಿಕೋಡಿಗೆ ತಿರುಗಿಸಿ, ಎರಡು ಮೂರು ಕಡೆ ಪ್ರತಿ ಇಡಿ. ಹೊಸ ಯಂತ್ರ ಕೊಳ್ಳಲು ಮುಂದಿನ ವರ್ಷವೂ ಅಂಗಡಿ ತೆರೆದಿರುತ್ತದೆ. ಹಳೆಯ ಕಡತಕ್ಕೆ ಆ ಭರವಸೆ ಇಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಕೇಳುತ್ತಿರಿ.